ಗೋಡೆ ಬದಿಯ ಮೇಜಿನಿಂದ ಆಸ್ಕರ್ ವೇದಿಕೆಗೆ

ಅಮೆರಿಕದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಪ್ರಶಸ್ತಿಗಳ ಸುಗ್ಗಿ. ಗೋಲ್ಡನ್ ಗ್ಲೋಬ್‌ನಿಂದ ಆಸ್ಕರ್‌ವರೆಗೆ ಇಲ್ಲಿ ನೆಲೆಸಿರುವ ಕನ್ನಡಿಗರಾದ ನಾವೂ ಟಿ.ವಿ. ಮುಂದೆ ಕೂರುತ್ತೇವೆ. ಯಾರು ಗೆದ್ದರು ಎಂಬುದರ ಜತೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತದೆ: ಕಪ್ಪು ವರ್ಣೀಯ ಕಲಾವಿದರಿಗೆ ಎಷ್ಟು ಮನ್ನಣೆ ಸಿಕ್ಕಿತು?

ಈ ಪ್ರಶ್ನೆ ಹಳೆಯದು. 1940ರಲ್ಲಿ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಮನೆಗೆಲಸದಾಕೆಯ ಪಾತ್ರಕ್ಕೆ ಹ್ಯಾಟಿ ಮೆಕ್‌ಡೇನಿಯಲ್ ಪೋಷಕ ನಟಿ ಪ್ರಶಸ್ತಿ ಪಡೆದರು. ಆಸ್ಕರ್ ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಅವರೇ. ಆದರೆ ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ನಡೆದ ಆ ಸಮಾರಂಭದಲ್ಲಿ ಅವರನ್ನು ಸಹನಟರ ಜತೆ ಕೂರಿಸಲಿಲ್ಲ. ಗೋಡೆ ಬದಿಯಲ್ಲಿ ಬೇರೆ ಮೇಜು ಹಾಕಿದ್ದರು. ಎರಡನೇ ಕಪ್ಪು ವರ್ಣೀಯ ನಟಿಗೆ, ಅಂದರೆ ವೂಪಿ ಗೋಲ್ಡ್‌ಬರ್ಗ್ ಅವರಿಗೆ, ಆಸ್ಕರ್ ಸಿಕ್ಕಿದ್ದು 51 ವರ್ಷಗಳ ನಂತರ. ಸಿಡ್ನಿ ಪೊಯ್ಟಿಯರ್ 1964ರಲ್ಲೇ ಅತ್ಯುತ್ತಮ ನಟರಾದರು. ಹ್ಯಾಲಿ ಬೆರಿ ಅತ್ಯುತ್ತಮ ನಟಿಯಾಗಲು 2002ರವರೆಗೆ ಕಾಯಬೇಕಾಯಿತು.

2015 ಮತ್ತು 2016ರಲ್ಲಿ ನಟನೆಯ ಎಲ್ಲ 20 ನಾಮನಿರ್ದೇಶನಗಳೂ ಬಿಳಿಯರ ಪಾಲಾದಾಗ ಸಾಮಾಜಿಕ ಜಾಲತಾಣಗಳಲ್ಲಿ ಆಕ್ರೋಶ ಭುಗಿಲೆದ್ದಿತು. ಮತ ಹಾಕುವ ಅಕಾಡೆಮಿ ಸದಸ್ಯರಲ್ಲೂ ಬಿಳಿಯ ಪುರುಷರೇ ಹೆಚ್ಚಿದ್ದರು. ಮಹಿಳೆಯರು ಹಾಗೂ ಅಲ್ಪಸಂಖ್ಯಾತ ಸಮುದಾಯಗಳ ಸದಸ್ಯರ ಸಂಖ್ಯೆಯನ್ನು 2020ರೊಳಗೆ ದುಪ್ಪಟ್ಟು ಮಾಡುವುದಾಗಿ ಅಕಾಡೆಮಿ ಘೋಷಿಸಿತು. ಕಿರುತೆರೆಯ ಕಥೆಯೂ ಇದೇ. 2015ರಲ್ಲಿ ಎಮ್ಮಿಯ ಡ್ರಾಮಾ ವಿಭಾಗದಲ್ಲಿ ಪ್ರಧಾನ ನಟಿ ಪ್ರಶಸ್ತಿ ಗೆದ್ದ ಮೊದಲ ಕಪ್ಪು ವರ್ಣೀಯ ಮಹಿಳೆ ವಯೋಲಾ ಡೇವಿಸ್, ಕೊರತೆ ಪ್ರತಿಭೆಯದಲ್ಲ, ಅವಕಾಶದ್ದು ಎಂದು ವೇದಿಕೆಯಲ್ಲೇ ಹೇಳಿದರು.

ಇದರಿಂದ ನಮಗೇನು ಎಂದು ಊರಿನಲ್ಲಿರುವ ಹಿರಿಯರು ಕೇಳಬಹುದು. ಒಂದು ಕಾಲದಲ್ಲಿ ಭಾರತದಿಂದ ಅಮೆರಿಕಕ್ಕೆ ವಲಸೆ ಬರಲು ವರ್ಷಕ್ಕೆ ಸುಮಾರು 100 ಮಂದಿಗಷ್ಟೇ ಅವಕಾಶವಿತ್ತು. ಕಪ್ಪು ವರ್ಣೀಯರ ನಾಗರಿಕ ಹಕ್ಕುಗಳ ಹೋರಾಟ ಉತ್ತುಂಗದಲ್ಲಿದ್ದಾಗ ಬಂದ 1965ರ ವಲಸೆ ಕಾಯ್ದೆ ಆ ಕಟ್ಟುಪಾಡನ್ನು ತೆಗೆಯಿತು. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಬಂದದ್ದು ಆ ಬಾಗಿಲಿನಿಂದಲೇ.

ಆದರೂ ಬಣ್ಣ ನೋಡಿ ಮನುಷ್ಯರನ್ನು ಅಳೆಯುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ಬೆಳ್ಳಗಿನ ವಧು ಬೇಕೆಂಬ ಜಾಹೀರಾತುಗಳೇ ಸಾಕ್ಷಿ. ಕಪ್ಪು ವರ್ಣೀಯ ನೆರೆಹೊರೆಯವರ ಬಗ್ಗೆ ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಇಲ್ಲೇ ಹುಟ್ಟಿದ ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಎದುರು ಪ್ರಶ್ನೆಯನ್ನೂ ಹಾಕುತ್ತಾರೆ. ಈ ಸಲ ಪ್ರಶಸ್ತಿ ಸಮಾರಂಭ ನೋಡುವಾಗ ಅವರಿಗೆ ಹ್ಯಾಟಿ ಕಥೆ ಹೇಳೋಣ. ನಾವು ನಡೆದು ಬಂದ ದಾರಿಯನ್ನು ಮೊದಲು ಸವೆಸಿದವರು ಯಾರೆಂದು ಅವರಿಗೂ ತಿಳಿಯಲಿ.