ಚೆಂಡೆಯ ಪೆಟ್ಟಿಗೆ ತೂಕ ಎಲ್ಲಿಂದ?

ಕಡಲು ಮತ್ತು ಹೊಳೆಯ ನಡುವಿನ ಊರು ಮಟ್ಟು. ಗುಳ್ಳಕ್ಕೆ ಹೆಸರಾದ ಈ ಕರಾವಳಿಯಲ್ಲಿ ದೀಪಾವಳಿ ಕಳೆದರೆ ಪತ್ತನಾಜೆಯವರೆಗೂ ಬಯಲಾಟದ ಕಾಲ. ಹಿಂದೆ ಭಾಗವತರ ಕಂಠವೇ ಗದ್ದೆಯ ಕೊನೆ ಮುಟ್ಟಬೇಕಿತ್ತು. ಈಗ ಆ ಕೆಲಸ ಆಂಪ್ಲಿಫೈಯರಿನದು. ಇಬ್ಬರು ಹೊರುತ್ತಿದ್ದ ಪೆಟ್ಟಿಗೆಯ ಜಾಗಕ್ಕೆ ಒಬ್ಬನೇ ಎತ್ತಬಲ್ಲ ‘ಕ್ಲಾಸ್ ಡಿ’ ಪೆಟ್ಟಿಗೆ ಬಂದಿದೆ. ಆದರೆ ಹಗುರ ಪೆಟ್ಟಿಗೆಯಲ್ಲಿ ಚೆಂಡೆಗೆ ತೂಕವಿಲ್ಲ ಎನ್ನುವವರೂ ಇದ್ದಾರೆ. ಈ ದೂರು ನಿಜವೇ?

ಹಳೆಯ ಫ್ಯಾನ್ ರೆಗ್ಯುಲೇಟರನ್ನು ನೆನಪಿಸಿಕೊಳ್ಳಿ. ಫ್ಯಾನ್ ನಿಧಾನವಾದಷ್ಟೂ ಅದು ಬಿಸಿಯಾಗುತ್ತಿತ್ತು. ತಡೆದ ವಿದ್ಯುತ್ತು ಶಾಖವಾಗಿ ಹೋಗುತ್ತಿತ್ತು. ‘ಕ್ಲಾಸ್ ಎಬಿ’ ಆಂಪ್ಲಿಫೈಯರಿನದೂ ಇದೇ ಕಥೆ. ಅದರ ಟ್ರಾನ್ಸಿಸ್ಟರುಗಳು ಅರೆ ತೆರೆದ ಸ್ಥಿತಿಯಲ್ಲಿ ದುಡಿಯುತ್ತವೆ. ‘ಕ್ಲಾಸ್ ಬಿ’ಗೆ ಲೆಕ್ಕದ ಪ್ರಕಾರವೇ ದಕ್ಷತೆಯ ಮಿತಿ ಶೇ. 78.5, ಎಬಿಯದು ಅದಕ್ಕಿಂತಲೂ ಕಡಿಮೆ. ಅದಕ್ಕೇ ಅಷ್ಟು ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳು.

‘ಡಿ’ಯಲ್ಲಿ ಅರೆತೆರೆಯುವ ಮಾತಿಲ್ಲ. ಟ್ರಾನ್ಸಿಸ್ಟರು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಧ್ವನಿಯ ಏರಿಳಿತಕ್ಕೆ ತಕ್ಕಂತೆ ತೆರೆದಿರುವ ಅವಧಿ ಹಿಗ್ಗಿ ಕುಗ್ಗುತ್ತದೆ. ಕೊನೆಯಲ್ಲಿ ತಂತಿಸುರುಳಿ ಮತ್ತು ಕೆಪಾಸಿಟರಿನ ಸೋಸುಕವು ಆ ಮಿಡಿತಗಳನ್ನು ಸೋಸಿ ಸ್ವರವನ್ನಷ್ಟೇ ಸ್ಪೀಕರಿಗೆ ಬಿಡುತ್ತದೆ. ದಕ್ಷತೆ ಶೇ. 90ರ ಆಸುಪಾಸು. ‘ಡಿ’ ಎಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೆ.

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1964ರಲ್ಲೇ ಇಂಥ ಕಿಟ್ ಮಾರಿತ್ತು. ಆಗಿನ ಟ್ರಾನ್ಸಿಸ್ಟರುಗಳಿಗೆ ಬೇಕಾದಷ್ಟು ವೇಗವಿರಲಿಲ್ಲ. ವೇಗದ ಮಾಸ್‌ಫೆಟ್ ಬಂದ ಮೇಲೆ ಈ ವಿಧಾನ ನೆಲೆ ಕಂಡಿತು.

ಸ್ವರ ಕೆಡುವುದಕ್ಕೆ ಕಾರಣಗಳು ಬೇರೆ. ಜೋಡಿ ಸ್ವಿಚ್ಚುಗಳು ಒಟ್ಟಿಗೆ ತೆರೆದರೆ ಸುಟ್ಟುಹೋಗುತ್ತವೆ. ಆದ್ದರಿಂದ ನಡುವೆ ಎರಡೂ ಮುಚ್ಚಿರುವ ಕ್ಷಣ ಬೇಕು. ಅದು ಹೆಚ್ಚಾದರೆ ಸ್ವರ ಒರಟಾಗುತ್ತದೆ. ಸೋಸುಕ ಸ್ಪೀಕರಿಗೆ ಹೊಂದದಿದ್ದರೆ ಜಾಗಟೆಯ ಮೊನಚು ಬದಲಾಗುತ್ತದೆ. ಸೋಸುಕದ ಆಚೆಯಿಂದ ಫೀಡ್‌ಬ್ಯಾಕ್ ಪಡೆಯುವ ಒಳ್ಳೆಯ ವಿನ್ಯಾಸ ಇದನ್ನು ತಿದ್ದುತ್ತದೆ.

ಇನ್ನು ತೂಕ. ಚೆಂಡೆಯ ಪೆಟ್ಟು ಒಮ್ಮೆಲೇ ವಿದ್ಯುತ್ತನ್ನು ಕೇಳುತ್ತದೆ. ಪವರ್ ಸಪ್ಲೈ ಕೊಡಲಾರದಿದ್ದರೆ ಪೆಟ್ಟಿನ ತುದಿ ಚಪ್ಪಟೆಯಾಗುತ್ತದೆ. ಎಬಿಯಾದರೂ ಡಿಯಾದರೂ ಅಷ್ಟೆ. ಹಾಗಾಗಿ ಕೊಳ್ಳುವವರು ನೋಡಬೇಕಾದುದು ಅಕ್ಷರವನ್ನಲ್ಲ, ಕೈಯಲ್ಲಿ ಉಳಿದಿರುವ ಶಕ್ತಿಯನ್ನು.

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರ ಬಳಿಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ಜೋರು ಸದ್ದಿಗಿಂತ ಸ್ಪಷ್ಟ ಸದ್ದಿಗೇ ಇನ್ನು ಬೆಲೆ. ಚೆಂಡೆಯ ಅಬ್ಬರದಲ್ಲೂ ಪದ್ಯದ ಸಾಹಿತ್ಯ ಕೇಳಿಸಿದರೆ ಪೆಟ್ಟಿಗೆ ಗೆದ್ದಂತೆ.