ಹೊಳೆಯ ಲೆಕ್ಕ ಬಲ್ಲ ಪೇಟೆ

ಸಕಲೇಶಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಊರನ್ನೇ ನೋಡುವುದಿಲ್ಲ. ನೇರ ಹೋಂಸ್ಟೇಗೆ ಹೋಗುತ್ತಾರೆ, ಮರುದಿನ ದೋಣಿಗಾಲ್ ಬಳಿಯ ಮಂಜರಾಬಾದ್ ಕೋಟೆ ಹತ್ತುತ್ತಾರೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ಆ ಕೋಟೆ ನೋಡತಕ್ಕದ್ದೇ. ಆದರೆ ಹೇಮಾವತಿ ದಡದ ಹಳೇ ಪೇಟೆಗೂ ಒಂದು ಹೊತ್ತು ಕೊಡಬೇಕು.

ಹೊಯ್ಸಳರ ಕಾಲದ ಸಕಲೇಶ್ವರ ದೇಗುಲ ಇಲ್ಲಿದೆ. ಆಗ ಇಲ್ಲಿ ಸಿಕ್ಕ ಶಿವಲಿಂಗದ ಅಂಚು ಚೂರು ಒಡೆದಿತ್ತು, ಚೂರಿಗೆ ಸಂಸ್ಕೃತದಲ್ಲಿ ‘ಶಕಲ’, ಊರಿನ ಹೆಸರು ಹುಟ್ಟಿದ್ದು ಅದರಿಂದಲೇ ಎಂಬುದು ಹಳಬರ ಕಥೆ. ಆಮೇಲೆ ಐಗೂರಿನ ಪಾಳೆಯಗಾರರು ಆಳಿದರು, ಟಿಪ್ಪು ಬಂದ, 19ನೇ ಶತಮಾನದಲ್ಲಿ ಬ್ರಿಟಿಷರು ಕಾಫಿ ಹಾಕಿದರು. ತಾಲ್ಲೂಕಿಗೆ ಬಹುಕಾಲ ಮಂಜರಾಬಾದ್ ಎಂದೇ ಹೆಸರಿತ್ತು.

ನನ್ನನ್ನು ಇಲ್ಲಿಗೆ ಎಳೆದದ್ದು ಮಾತ್ರ ಹೊಳೆಮಲ್ಲೇಶ್ವರ. ಹೆಸರಿಗೆ ತಕ್ಕಂತೆ ಹೊಳೆಯ ಅಂಚಿನಲ್ಲೇ ನೆಲೆಸಿದ ದೇವರು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೇಮಾವತಿ ಆಷಾಢ ಶ್ರಾವಣದಲ್ಲಿ ಕೆಂಪಗೆ ಉಬ್ಬಿ ಬರುತ್ತಾಳೆ. ಇಲ್ಲಿ ಹನಿ ಬೀಳದಿದ್ದರೂ ಆದೀತು, ಹೊಳೆಯ ಮೇಲ್ಭಾಗದ ಮೂಡಿಗೆರೆ ಕಡೆ ರಾತ್ರಿಯಿಡೀ ಸುರಿದರೆ ಸಾಕು. ಮೊದಲು ಮೆಟ್ಟಿಲು ಮುಳುಗುತ್ತವೆ, ಆಮೇಲೆ ಅಂಗಳ, ಇನ್ನೂ ಏರಿದರೆ ದೇವಸ್ಥಾನದೊಳಕ್ಕೇ ನೀರು. ಪೂಜೆ ನಿಲ್ಲುತ್ತದೆ. ನೀರಿಳಿದ ಮೇಲೆ ಗೋಡುಮಣ್ಣು ಬಾಚಿ, ತೊಳೆದು, ಮತ್ತೆ ದೀಪ ಹಚ್ಚಬೇಕು. 2019ರ ಆಗಸ್ಟ್‌ನಲ್ಲಿ ಹೊಳೆ ಅಲ್ಲಿಗೂ ನಿಲ್ಲದೆ ಆಜಾದ್ ರಸ್ತೆಯ ಮನೆಗಳಿಗೆ ನುಗ್ಗಿತು. ಈ ದಡದವರು ನೀರಿನ ಎತ್ತರವನ್ನು ಅಡಿ, ಮೀಟರಿನಲ್ಲಿ ಹೇಳುವುದಿಲ್ಲ. ಎಷ್ಟನೇ ಮೆಟ್ಟಿಲು, ಯಾರ ಮನೆ ಹೊಸ್ತಿಲು ಎಂದು ಹೇಳುತ್ತಾರೆ. ಇದೇ ನೀರು ಗೊರೂರಿನ ಅಣೆಕಟ್ಟು ತುಂಬಿಸಿ ಕೃಷ್ಣರಾಜಸಾಗರ ಸೇರುವುದರಿಂದ, ಇಲ್ಲಿ ಜನ ಸಾಮಾನು ಅಟ್ಟಕ್ಕೇರಿಸುವ ಹೊತ್ತಿಗೆ ಮಂಡ್ಯದ ರೈತ ನೆಮ್ಮದಿಯ ನಿಟ್ಟುಸಿರು ಬಿಡುತ್ತಾನೆ.

ಪೇಟೆಯ ಉಳಿದ ಬದುಕೆಲ್ಲ ಕಾಫಿ, ಏಲಕ್ಕಿ, ಮೆಣಸಿನದು. ಕೊಯ್ಲು ಮುಗಿದರೆ ಯಾರು ಸಿಕ್ಕರೂ ಮೊದಲ ಮಾತು ಐವತ್ತು ಕೆ.ಜಿ. ಮೂಟೆಗೆ ಇವತ್ತೆಷ್ಟು ಎಂಬುದೇ. ಮಳೆಗಾಲ ತಡೆಯಲೆಂದು ಕಡಿದಾದ ಹೆಂಚಿನ ಮಾಡು ಹಾಕಿದ ಹಳೇ ಮನೆಗಳು ಒಂದೊಂದಾಗಿ ಇಳಿದು ಆ ಜಾಗದಲ್ಲಿ ಆರ್‌ಸಿಸಿ ಏಳುತ್ತಿದೆ. ಸೋರುವ ಮಾಡಿನ ಕೆಳಗೆ ಬಾಳುವವರನ್ನು ಇದಕ್ಕೆ ದೂರಲಾರೆ. ಹೆದ್ದಾರಿ ಬೈಪಾಸ್ ಹಿಡಿದ ಮೇಲೆ ಹಾಸನ, ಮಂಗಳೂರಿನ ನಡುವೆ ಓಡಾಡುವವರಿಗೆ ಈ ಬೀದಿಗಳು ಇವೆ ಎಂಬುದೇ ಮರೆಯುತ್ತದೆ.

ಮತ್ತೆ ಹೊಳೆಯ ಲೆಕ್ಕಕ್ಕೆ ಬಂದರೆ, ಮೂರು ನದಿ ಕೂಡುವ ಜರ್ಮನಿಯ ಪಸ್ಸಾವ್‌ನಲ್ಲಿ ಹಳೆಯ ಪುರಭವನದ ಗೋಡೆಯ ಮೇಲೆ ಶತಮಾನಗಳ ನೆರೆಯ ಎತ್ತರವನ್ನು ಇಸವಿ ಸಮೇತ ಗುರುತಿಸಿದ್ದಾರೆ. 1501ರದೂ ಇದೆ, 2013ರದೂ ಇದೆ. ಹಳೇ ಪಟ್ಟಣ ನೋಡಲು ಬಂದವರು ಅದರ ಮುಂದೆ ನಿಂತು ಕತ್ತೆತ್ತುತ್ತಾರೆ. ಹೊಳೆಮಲ್ಲೇಶ್ವರನ ಬಳಿಯೂ ಅಂಥದೊಂದು ಕಲ್ಲು ನಿಲ್ಲಿಸಬಹುದು. 2019ರ ನೀರು ಎಲ್ಲಿತನಕ ಬಂದಿತ್ತೆಂದು ಬೆರಳಿಟ್ಟು ತೋರಿಸುವವರು ಆಜಾದ್ ರಸ್ತೆಯಲ್ಲಿ ಈಗಲೂ ಇದ್ದಾರೆ. ಅದಕ್ಕಿಂತ ಹಿಂದಿನ ನೆರೆಗಳನ್ನು ಕಂಡವರು ಮಾತ್ರ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.