ಬೆಳಗಾವಿ ಜಿಲ್ಲೆಯಲ್ಲಿ ಮದುವೆ ಛಾಯಾಗ್ರಹಣ

ಮದುವೆ ಛಾಯಾಗ್ರಹಣವು ವಿವಾಹದ ವಿಧಿಗಳನ್ನು, ಅವುಗಳಲ್ಲಿ ಪಾಲ್ಗೊಂಡ ಜನರನ್ನು ಹಾಗೂ ಮದುವೆಯ ಹಿಂದುಮುಂದಿನ ಕಾರ್ಯಕ್ರಮಗಳನ್ನು ಚಿತ್ರಗಳಲ್ಲಿ ದಾಖಲಿಸುವ ವೃತ್ತಿಪರ ಛಾಯಾಗ್ರಹಣದ ಒಂದು ಶಾಖೆಯಾಗಿದೆ. ಈ ಲೇಖನವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಮದುವೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ವೃತ್ತಿಯ ಸ್ವರೂಪವನ್ನೂ ಛಾಯಾಗ್ರಾಹಕರನ್ನು ಆಯ್ಕೆ ಮಾಡುವ ಕ್ರಮವನ್ನೂ ವಿವರಿಸುತ್ತದೆ. ಮದುವೆಯ ವಿಧಿಗಳನ್ನು ಚಿತ್ರಕ್ಕಾಗಿ ಎರಡನೆಯ ಬಾರಿ ನಡೆಸಲಾಗುವುದಿಲ್ಲ. ಆದ್ದರಿಂದ ಕ್ಯಾಮೆರಾದ ಬೆಲೆಗಿಂತ ವಿಧಿಗಳ ಅರಿವು, ಪೂರ್ವಸಿದ್ಧತೆ ಮತ್ತು ಚಿತ್ರಗಳ ಸುರಕ್ಷತೆ ಈ ಕೆಲಸದಲ್ಲಿ ಹೆಚ್ಚು ಮಹತ್ವ ಪಡೆಯುತ್ತವೆ.

ಇತಿಹಾಸ

1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೆರೊಟೈಪ್ ವಿಧಾನವನ್ನು ಪ್ರಕಟಿಸಿದ ಕೆಲವೇ ವರ್ಷಗಳಲ್ಲಿ ಛಾಯಾಗ್ರಹಣವು ಭಾರತವನ್ನು ತಲುಪಿತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣ ಸಂಘವೊಂದು ಸ್ಥಾಪನೆಯಾಯಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ, ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆರಂಭದ ಕಾಲದಲ್ಲಿ ಉಪಕರಣಗಳು ಭಾರವಾಗಿದ್ದು, ಚಿತ್ರ ಮೂಡಲು ದೀರ್ಘ ಸಮಯ ಬೇಕಾಗುತ್ತಿತ್ತು. ಹೀಗಾಗಿ ವಿಧಿಗಳ ಚಿತ್ರಣಕ್ಕಿಂತ, ಬಣ್ಣದ ಪರದೆಯ ಮುಂದೆ ದಂಪತಿಗಳನ್ನು ಕೂರಿಸಿ ತೆಗೆಯುವ ಸ್ಟುಡಿಯೊ ಭಾವಚಿತ್ರವೇ ರೂಢಿಯಲ್ಲಿತ್ತು.

ರೋಲ್ ಫಿಲ್ಮ್ ಮತ್ತು ಫ್ಲ್ಯಾಶ್ ಬಳಕೆಗೆ ಬಂದ ಮೇಲೆ ಛಾಯಾಗ್ರಾಹಕರು ಮದುವೆಯ ಹಂದರಕ್ಕೇ ಬರತೊಡಗಿದರು. 120 ಅಳತೆಯ ಒಂದು ರೋಲಿನಲ್ಲಿ ಚೌಕಾಕಾರದ 12 ಚಿತ್ರಗಳು, 35 ಮಿ.ಮೀ. ರೋಲಿನಲ್ಲಿ ಸಾಮಾನ್ಯವಾಗಿ 36 ಚಿತ್ರಗಳು ದೊರೆಯುತ್ತಿದ್ದವು. ಪ್ರತಿ ಚಿತ್ರಕ್ಕೂ ಖರ್ಚು ತಗಲುತ್ತಿದ್ದುದರಿಂದ ಅಕ್ಷತೆ, ತಾಳಿ ಕಟ್ಟುವುದು ಹಾಗೂ ಬೀಗರ ಗುಂಪುಚಿತ್ರಗಳಿಗೆ ಮೊದಲ ಆದ್ಯತೆ ಇರುತ್ತಿತ್ತು. 1980ರ ದಶಕದ ನಂತರ ವಿಡಿಯೊ ಕ್ಯಾಸೆಟ್‌ಗಳೂ 2000ದ ನಂತರ ಡಿಜಿಟಲ್ ಕ್ಯಾಮೆರಾಗಳೂ ಹರಡಿದವು. ಡಿಜಿಟಲ್ ತಂತ್ರಜ್ಞಾನದಿಂದ ಚಿತ್ರಗಳ ಸಂಖ್ಯೆಯ ಮಿತಿ ಇಲ್ಲವಾಯಿತು. ಆದರೆ ಸಾವಿರಾರು ಚಿತ್ರಗಳನ್ನು ಆರಿಸುವ ಮತ್ತು ಕಾಪಾಡುವ ಹೊಸ ಹೊಣೆಯೂ ಸೇರಿಕೊಂಡಿತು.

ಪ್ರದೇಶದ ಮದುವೆಗಳ ಸ್ವರೂಪ

ಈ ನಾಲ್ಕೂ ತಾಲ್ಲೂಕುಗಳು ಮಲಪ್ರಭಾ ನದಿಯ ಜಲಾನಯನ ಪ್ರದೇಶದ ಕೃಷಿಪ್ರಧಾನ ಭಾಗಗಳಾಗಿವೆ. ಹಿಂಗಾರಿ ಸುಗ್ಗಿಯ ನಂತರದ ಬೇಸಿಗೆಯಲ್ಲಿ ಮದುವೆಗಳು ಹೆಚ್ಚು. ಆಷಾಢ ಹಾಗೂ ಅಧಿಕ ಮಾಸಗಳನ್ನು ಹಲವು ಕುಟುಂಬಗಳು ಬಿಡುವುದರಿಂದ ಉಳಿದ ಮುಹೂರ್ತಗಳ ದಿನ ಒಂದೇ ಊರಿನಲ್ಲಿ ಅನೇಕ ಮದುವೆಗಳು ಕೂಡಿಬರುತ್ತವೆ. ಸಮಾರಂಭಗಳು ಮನೆಯ ಮುಂದಿನ ಹಂದರ, ಮಂಗಲ ಕಾರ್ಯಾಲಯ, ಮಠ ಅಥವಾ ದೇವಸ್ಥಾನಗಳಲ್ಲಿ ನಡೆಯುತ್ತವೆ. ಜಾತ್ರೆಗಳ ಸಂದರ್ಭದಲ್ಲಿ ಸಾಮೂಹಿಕ ವಿವಾಹಗಳನ್ನೂ ಏರ್ಪಡಿಸಲಾಗುತ್ತದೆ.

ವಿಧಿಗಳು ಸಮುದಾಯದಿಂದ ಸಮುದಾಯಕ್ಕೆ, ಮನೆತನದಿಂದ ಮನೆತನಕ್ಕೆ ಬದಲಾಗುತ್ತವೆ. ಸಾಮಾನ್ಯವಾಗಿ ಕಂಡುಬರುವ ಹಂತಗಳು ಇವು:

- ಅರಿಷಿಣ ಹಚ್ಚುವುದು: ಮದುಮಕ್ಕಳಿಗೆ ಮುತ್ತೈದೆಯರು ಅರಿಷಿಣ ಹಚ್ಚುತ್ತಾರೆ. ಮನೆಯ ಒಳಗೆ ಅಥವಾ ಅಂಗಳದಲ್ಲಿ ನಡೆಯುವ ಈ ವಿಧಿಯಲ್ಲಿ ಜಾಗ ಕಡಿಮೆ, ಸಲುಗೆ ಹೆಚ್ಚು.
- ಸುರಗಿ: ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು, ಅವುಗಳ ಸುತ್ತ ನೂಲು ಸುತ್ತಿ, ಮಧ್ಯದಲ್ಲಿ ಮದುಮಕ್ಕಳನ್ನು ಕೂರಿಸಿ ನೀರೆರೆಯುತ್ತಾರೆ. ನೂಲು ಸುತ್ತುವ ಕ್ಷಣವನ್ನು ಹಿಡಿಯಲು ಛಾಯಾಗ್ರಾಹಕರು ಮೊದಲೇ ಸ್ಥಳದಲ್ಲಿರಬೇಕಾಗುತ್ತದೆ.
- ಅಕ್ಷತೆ ಮತ್ತು ಮಾಂಗಲ್ಯಧಾರಣೆ: ಬಾಸಿಂಗ ಕಟ್ಟಿಕೊಂಡ ವಧೂವರರ ಮೇಲೆ ನೆರೆದವರೆಲ್ಲ ಅಕ್ಷತೆ ಹಾಕುತ್ತಾರೆ. ಅಂತರಪಟ ಹಿಡಿಯುವ ಸಂಪ್ರದಾಯವಿರುವ ಮನೆಗಳಲ್ಲಿ ಪರದೆ ಸರಿಯುವ ಗಳಿಗೆಯೂ ಮುಖ್ಯ.
- ಉಡಿ ತುಂಬುವುದು ಮತ್ತು ಮಗಳನ್ನು ಕಳಿಸಿಕೊಡುವುದು: ಭಾವನೆಗಳು ತೀವ್ರವಾಗಿರುವ ಈ ಹಂತದಲ್ಲಿ ಕ್ಯಾಮೆರಾ ದೂರದಲ್ಲಿರುವುದು ಸೂಕ್ತವೆಂದು ಪರಿಗಣಿಸಲಾಗುತ್ತದೆ.

ತಾಳಿ ಕಟ್ಟುವ ಗಳಿಗೆಯಲ್ಲಿ ಬಂಧುಗಳು ಮದುಮಕ್ಕಳ ಸುತ್ತ ಮುಗಿಬೀಳುವುದು ಸಾಮಾನ್ಯ. ವಿಧಿಯ ಕ್ರಮ ತಿಳಿಯದ ಛಾಯಾಗ್ರಾಹಕರು ಎಷ್ಟೇ ಉತ್ತಮ ಉಪಕರಣ ಹೊಂದಿದ್ದರೂ ಆ ಗಳಿಗೆಯಲ್ಲಿ ತಪ್ಪು ಜಾಗದಲ್ಲಿ ನಿಂತಿರುವ ಸಾಧ್ಯತೆ ಇರುತ್ತದೆ.

ತಾಂತ್ರಿಕ ಸವಾಲುಗಳು

ಬಣ್ಣದ ಬಟ್ಟೆಯ ಹಂದರದ ಮೂಲಕ ಬರುವ ಬಿಸಿಲು ಮುಖಗಳ ಮೇಲೆ ಕೆಂಪು, ಹಳದಿ ಅಥವಾ ನೀಲಿ ಛಾಯೆ ಬೀರುತ್ತದೆ. ಹೀಗಾಗಿ ಬಿಳುಪಿನ ಸಮತೋಲನವನ್ನು ಸ್ಥಳದಲ್ಲೇ ಹೊಂದಿಸಬೇಕಾಗುತ್ತದೆ. ಹಿರಿಯರ ಬಿಳಿ ಧೋತರ ಹಾಗೂ ಟೊಪ್ಪಿಗೆ, ಪಕ್ಕದಲ್ಲೇ ಗಾಢ ಬಣ್ಣದ ಇಳಕಲ್ ಸೀರೆ ಇರುವ ಗುಂಪುಚಿತ್ರದಲ್ಲಿ ಬೆಳಕಿನ ಅಳತೆ ತಪ್ಪಿದರೆ ಒಂದೋ ಬಿಳಿ ಬಟ್ಟೆಯ ನೆರಿಗೆಗಳು ಕಾಣದಾಗುತ್ತವೆ, ಇಲ್ಲವೇ ಸೀರೆಯ ಅಂಚು ಕಪ್ಪಾಗುತ್ತದೆ. ಬೇಸಿಗೆಯ ನಡುಹಗಲಿನ ಬಿಸಿಲು ಕಣ್ಣುಗಳ ಕೆಳಗೆ ಗಾಢ ನೆರಳು ಮೂಡಿಸುವುದರಿಂದ ಗುಂಪುಚಿತ್ರಗಳನ್ನು ನೆರಳಿನಲ್ಲಿ ಅಥವಾ ಸಂಜೆ ತೆಗೆಯುವುದು ಒಳ್ಳೆಯದು.

ಕಾರ್ಯಾಲಯಗಳ ಕೆಲವು ಎಲ್‌ಇಡಿ ದೀಪಗಳು ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ಮಿನುಗುತ್ತವೆ. ಭಾರತದಲ್ಲಿ ಈ ಆವರ್ತನ 50 ಹರ್ಟ್ಸ್ ಆಗಿರುವುದರಿಂದ, ಚಿತ್ರದಲ್ಲಿ ಪಟ್ಟೆಗಳು ಮೂಡದಂತೆ ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಹೊಂದಿಸುವ ರೂಢಿಯಿದೆ.

ಛಾಯಾಗ್ರಾಹಕರ ಆಯ್ಕೆ

ಆಯ್ಕೆಯಲ್ಲಿ ಮುಖ್ಯವಾಗಿ ಕೆಳಗಿನ ಅಂಶಗಳನ್ನು ಪರಿಶೀಲಿಸಲಾಗುತ್ತದೆ.

ಪೂರ್ಣ ಮದುವೆಯ ಆಲ್ಬಮ್: ಜಾಲತಾಣಗಳಲ್ಲಿ ಪ್ರದರ್ಶಿಸುವ ಚಿತ್ರಗಳು ಹಲವು ಮದುವೆಗಳಿಂದ ಆಯ್ದವುಗಳಾಗಿರುತ್ತವೆ. ಒಂದೇ ಮದುವೆಯ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಾಗ ಮಾತ್ರ ಮಂದ ಬೆಳಕು, ಜನಜಂಗುಳಿ ಮತ್ತು ಅವಸರದ ನಡುವೆ ಅವರ ಕೆಲಸ ಹೇಗಿರುತ್ತದೆಂಬುದು ತಿಳಿಯುತ್ತದೆ. ತಮ್ಮ ಸಮುದಾಯದ ಅಥವಾ ಸಮೀಪದ ಸಂಪ್ರದಾಯದ ಮದುವೆಯ ಆಲ್ಬಮ್ ಇದ್ದರೆ ಹೆಚ್ಚು ಉಪಯುಕ್ತ.

ಕೆಲಸಕ್ಕೆ ಬರುವ ವ್ಯಕ್ತಿ: ಒಂದೇ ಮುಹೂರ್ತಕ್ಕೆ ಹಲವು ಮದುವೆಗಳನ್ನು ಒಪ್ಪಿಕೊಂಡ ಸ್ಟುಡಿಯೊಗಳು ಬೇರೆಯವರನ್ನು ಕಳುಹಿಸಬಹುದು. ಆದ್ದರಿಂದ ಆಲ್ಬಮ್ ತೋರಿಸಿದವರೇ ಬರುವರೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬರುವವರು ಬೇರೆಯಾದರೆ ಅವರ ಕೆಲಸವನ್ನೂ ನೋಡಬೇಕು.

ಶೈಲಿ: ಸಾಂಪ್ರದಾಯಿಕ ಶೈಲಿಯಲ್ಲಿ ವಿಧಿಗಳನ್ನೂ ಬಂಧುಗಳ ಗುಂಪುಗಳನ್ನೂ ಕ್ರಮವಾಗಿ, ಕ್ಯಾಮೆರಾದತ್ತ ಮುಖ ಮಾಡಿಸಿ ತೆಗೆಯಲಾಗುತ್ತದೆ. ಕ್ಯಾಂಡಿಡ್ ಶೈಲಿಯಲ್ಲಿ ಜನರಿಗೆ ಸೂಚನೆ ನೀಡದೆ ಸಹಜ ಕ್ಷಣಗಳನ್ನು ಸೆರೆಹಿಡಿಯಲಾಗುತ್ತದೆ. ಎರಡನ್ನೂ ಒಬ್ಬರೇ ಏಕಕಾಲಕ್ಕೆ ಮಾಡುವುದು ಕಷ್ಟ. ಕ್ಯಾಂಡಿಡ್ ಚಿತ್ರಗಳನ್ನು ಮಾತ್ರ ಅವಲಂಬಿಸಿದಾಗ ಅಜ್ಜ, ಅಜ್ಜಿ, ಸೋದರಮಾವನಂತಹ ಹತ್ತಿರದವರ ಸ್ಪಷ್ಟ ಚಿತ್ರಗಳೇ ಇಲ್ಲದಿರುವ ಅಪಾಯವಿದೆ. ಹಲವು ಮನೆಗಳಲ್ಲಿ ಹಿರಿಯರ ಕೊನೆಯ ಉತ್ತಮ ಚಿತ್ರ ದೊರೆಯುವುದು ಇಂತಹ ಮದುವೆಯ ಆಲ್ಬಮ್‌ನಲ್ಲೇ. ಚಿತ್ರ ತೆಗೆಯಲೇಬೇಕಾದ ಬಂಧುಗಳ ಪಟ್ಟಿಯೊಂದನ್ನು ಮೊದಲೇ ಬರೆದುಕೊಟ್ಟು, ಅವರನ್ನು ಗುರುತಿಸಿ ಕರೆತರಲು ಮನೆಯವರೊಬ್ಬರನ್ನು ನೇಮಿಸುವುದರಿಂದ ಈ ಕೊರತೆ ತಪ್ಪುತ್ತದೆ.

ಪರ್ಯಾಯ ವ್ಯವಸ್ಥೆ: ಎರಡನೆಯ ಕ್ಯಾಮೆರಾ, ಹೆಚ್ಚುವರಿ ಬ್ಯಾಟರಿ ಹಾಗೂ ಎರಡು ಮೆಮೊರಿ ಕಾರ್ಡ್‌ಗಳಲ್ಲಿ ಏಕಕಾಲಕ್ಕೆ ಚಿತ್ರ ಉಳಿಸುವ ಸೌಲಭ್ಯ ಇವೆಯೇ ಎಂದು ವಿಚಾರಿಸಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಮುದ್ರಿಸಿದ ಒಂದು ಗಂಟೆಯ ವಿಡಿಯೊ ಸುಮಾರು 45 ಗಿಗಾಬೈಟ್ ಜಾಗ ಬೇಡುತ್ತದೆ. ಜಾಗ ಸಾಲದೆ ಹಳೆಯ ಕಾರ್ಡನ್ನು ಸ್ಥಳದಲ್ಲೇ ಅಳಿಸುವುದು ಚಿತ್ರಗಳು ಕಳೆದುಹೋಗಲು ಕಾರಣವಾಗಬಹುದು.

ಸ್ಥಳ ಮತ್ತು ಸಂಚಾರ: ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಮತ್ತು ದವನದ ಹುಣ್ಣಿಮೆಗಳಂದು ಭಕ್ತರ ದಟ್ಟಣೆ ಇರುತ್ತದೆ. ಅಂತಹ ದಿನಗಳಲ್ಲಿ ಹೊರಊರಿನ ತಂಡವು ಹಿಂದಿನ ದಿನವೇ ಬಂದು ತಂಗುವುದು ಕ್ಷೇಮ. ಮದುವೆಪೂರ್ವ ಚಿತ್ರೀಕರಣಕ್ಕೆ ಕಿತ್ತೂರು ಕೋಟೆಯಂತಹ ಸ್ಮಾರಕಗಳನ್ನಾಗಲಿ ನವಿಲುತೀರ್ಥ ಅಣೆಕಟ್ಟಿನ ಪರಿಸರವನ್ನಾಗಲಿ ಆರಿಸಿಕೊಳ್ಳುವವರು ಸಂಬಂಧಿಸಿದ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ವಿಚಾರಿಸಬೇಕು.

ಒಪ್ಪಂದ

ಪರಿಚಯದವರೊಂದಿಗಿನ ಬಾಯಿಮಾತಿನ ವ್ಯವಹಾರದಲ್ಲಿ ಮುಂದೆ ಭಿನ್ನಾಭಿಪ್ರಾಯ ಬಂದರೆ ಆಧಾರವಿರುವುದಿಲ್ಲ. ಆದ್ದರಿಂದ ಒಂದು ಪುಟದಷ್ಟಾದರೂ ಲಿಖಿತ ಒಪ್ಪಂದ ಇರುವುದು ಇಬ್ಬರಿಗೂ ಅನುಕೂಲ. ಅದರಲ್ಲಿ ಕಾರ್ಯಕ್ರಮಗಳ ದಿನ ಹಾಗೂ ವೇಳೆ, ಬರುವವರ ಸಂಖ್ಯೆ, ಆಲ್ಬಮ್‌ನ ಅಳತೆ ಮತ್ತು ಪುಟಗಳು, ವಿಡಿಯೊದ ಸ್ವರೂಪ, ಒಟ್ಟು ಮೊತ್ತ, ಮುಂಗಡ ಹಣ, ಪ್ರಯಾಣ ಮತ್ತು ಊಟದ ವೆಚ್ಚ, ಚಿತ್ರಗಳನ್ನು ಒಪ್ಪಿಸುವ ದಿನಾಂಕ ಹಾಗೂ ಮದುವೆ ಮುಂದೂಡಲ್ಪಟ್ಟರೆ ಅನುಸರಿಸುವ ಕ್ರಮ ಇರಬೇಕು. ಎಲ್ಲ ಮೂಲ ಚಿತ್ರಗಳನ್ನು ಕೊಡುವರೋ, ಆಯ್ದ ಚಿತ್ರಗಳನ್ನು ಮಾತ್ರವೋ ಎಂಬುದನ್ನೂ ಬರೆದಿರಬೇಕು.

ಕಾನೂನಿನ ಅಂಶಗಳು

1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಹಣ ಪಡೆದು ಬೇರೊಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರದ ಕೃತಿಸ್ವಾಮ್ಯದ ಮೊದಲ ಒಡೆತನವು, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ಚಿತ್ರ ತೆಗೆಸಿದವರದ್ದಾಗಿರುತ್ತದೆ. ಸ್ಟುಡಿಯೊ ಈ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಹುದೇ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ವಿಶೇಷವಾಗಿ ಹೆಣ್ಣುಮಕ್ಕಳ ಮತ್ತು ಮಕ್ಕಳ ಚಿತ್ರಗಳ ವಿಷಯದಲ್ಲಿ ಇದು ಅಗತ್ಯ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ವಾಣಿಜ್ಯ ಉದ್ದೇಶಕ್ಕೆ ಹಾರಿಸುವವರು ರಿಮೋಟ್ ಪೈಲಟ್ ಪ್ರಮಾಣಪತ್ರ ಹೊಂದಿರಬೇಕು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ.

ಹಣ ಪಡೆದು ಕೆಲಸ ಪೂರೈಸದಿದ್ದರೆ ಅಥವಾ ಚಿತ್ರಗಳನ್ನು ಒಪ್ಪಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಂತಹ ದೂರುಗಳಲ್ಲಿ ರಸೀದಿ ಮತ್ತು ಲಿಖಿತ ಒಪ್ಪಂದಗಳು ಮುಖ್ಯ ಆಧಾರಗಳಾಗುತ್ತವೆ.

ಚಿತ್ರಗಳ ಸಂರಕ್ಷಣೆ

ಪೆನ್ ಡ್ರೈವ್ ಅಥವಾ ಒಂದೇ ಹಾರ್ಡ್ ಡಿಸ್ಕ್ ಕೆಟ್ಟರೆ ಅದರಲ್ಲಿರುವ ಎಲ್ಲ ಚಿತ್ರಗಳೂ ನಷ್ಟವಾಗಬಹುದು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅವುಗಳಲ್ಲಿ ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಸಾಮಾನ್ಯವಾಗಿ ಶಿಫಾರಸು ಮಾಡುವ ಕ್ರಮ. ಸ್ಟುಡಿಯೊಗಳು ಹಳೆಯ ಮದುವೆಗಳ ಚಿತ್ರಗಳನ್ನು ಕೆಲ ಕಾಲದ ನಂತರ ಅಳಿಸಬಹುದಾದ್ದರಿಂದ, ಚಿತ್ರಗಳು ಕೈಸೇರಿದ ಕೂಡಲೇ ಪ್ರತಿ ಮಾಡಿಟ್ಟುಕೊಳ್ಳಬೇಕು. ಮುದ್ರಿತ ಆಲ್ಬಮನ್ನು ತೇವ ಮತ್ತು ನೇರ ಬಿಸಿಲಿನಿಂದ ದೂರವಿಡಬೇಕು. ಬಂಧುಗಳ ಹೆಸರು, ಊರು ಮತ್ತು ಸಂಬಂಧಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಆಲ್ಬಮ್‌ನೊಂದಿಗೆ ಇಟ್ಟರೆ ಮುಂದಿನ ತಲೆಮಾರಿನವರಿಗೆ ಚಿತ್ರದಲ್ಲಿರುವವರು ಯಾರೆಂಬುದು ತಿಳಿಯುತ್ತದೆ.